ಶಸ್ತ್ರಚಿಕಿತ್ಸೆಯಲ್ಲಿ ಸಂಗೀತ: ನೋವು ಮತ್ತು ಆತಂಕದ ಉಪಶಮನ

ಶಸ್ತ್ರಚಿಕಿತ್ಸೆಗೆ ಮುಂಚೆ, ಅದು ನಡೆಯುವಾಗ ಮತ್ತು ಮುಗಿದ ಮೇಲೆ ರೋಗಿಯ ನೋವನ್ನೂ ಆತಂಕವನ್ನೂ ತಗ್ಗಿಸಲು ಸಂಗೀತ ಕೇಳಿಸುವ ಉಪಚಾರ ಕ್ರಮ. ಅರಿವಳಿಕೆ ಮದ್ದಿಗಾಗಲಿ ನೋವುನಿವಾರಕಕ್ಕಾಗಲಿ ಇದು ಬದಲಿಯಲ್ಲ, ಅವುಗಳ ಜೊತೆಗೆ ಸಲ್ಲುವ ಪೂರಕ. ತಜ್ಞರು ಇದರಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾರೆ. ತರಬೇತಿ ಪಡೆದ ಸಂಗೀತ ಚಿಕಿತ್ಸಕರು ರೋಗಿಯೊಡನೆ ಮಾತಾಡಿ, ಹಾಡಿ, ನುಡಿಸಿ, ಆ ಒಡನಾಟವನ್ನೇ ಚಿಕಿತ್ಸೆಯ ಸಾಧನವಾಗಿಸಿಕೊಳ್ಳುವುದು ಒಂದು. ವೈದ್ಯರೋ ದಾದಿಯರೋ ಧ್ವನಿಮುದ್ರಿತ ಸಂಗೀತವನ್ನು ಹೆಡ್‌ಫೋನ್ ಮೂಲಕ ಕೇಳಿಸುವುದು ಇನ್ನೊಂದು. ಆಪರೇಷನ್ ಥಿಯೇಟರಿನಲ್ಲಿ ಹೆಚ್ಚು ಬಳಕೆಯಲ್ಲಿರುವುದೂ ಹೆಚ್ಚು ಪರೀಕ್ಷೆಗೆ ಒಳಗಾಗಿರುವುದೂ ಎರಡನೆಯದೇ. ಈ ಉಪಚಾರದ ಬಗ್ಗೆ ಎರಡು ಅತಿರೇಕದ ಅಭಿಪ್ರಾಯಗಳಿವೆ. ಸಂಗೀತ ರೋಗವನ್ನೇ ವಾಸಿಮಾಡುತ್ತದೆ ಎನ್ನುವವರು ಒಂದು ಕಡೆ, ಅದು ಬರಿಯ ಹಿನ್ನೆಲೆಯ ಅಲಂಕಾರ ಎನ್ನುವವರು ಇನ್ನೊಂದು ಕಡೆ. ನೂರು ವರ್ಷಕ್ಕೂ ಮಿಕ್ಕಿದ ಅನುಭವ ಮತ್ತು ಈಚಿನ ದಶಕಗಳ ಪ್ರಯೋಗಗಳು ಇವೆರಡನ್ನೂ ಒಪ್ಪುವುದಿಲ್ಲ. ಅವುಗಳಿಂದ ತಿಳಿಯುವುದು ಇಷ್ಟು: ಸಂಗೀತ ಗಾಯದ ಮೇಲೆ ಕೆಲಸ ಮಾಡುವುದಿಲ್ಲ, ಗಾಯವನ್ನು ಅನುಭವಿಸುವ ಮನುಷ್ಯನ ಮೇಲೆ ಮಾಡುತ್ತದೆ, ಅದರ ಫಲ ಸಾಧಾರಣ, ಆದರೆ ನಿಜ, ಆದ್ದರಿಂದ ಅದನ್ನು ವಿಶೇಷ ಸೌಲಭ್ಯವಾಗಿ ನೋಡದೆ ದಿನನಿತ್ಯದ ಶುಶ್ರೂಷೆಯ ಭಾಗವಾಗಿ ಕೊಡುವುದು ಯುಕ್ತ.

ರೋಗಿಯ ಕಿವಿಗೆ ಬೀಳುವ ಸದ್ದು ಆರೈಕೆಯ ಭಾಗವೆಂಬ ಅರಿವು ಆಧುನಿಕ ಶುಶ್ರೂಷೆಯಷ್ಟೇ ಹಳೆಯದು. ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ಸದ್ದುಗದ್ದಲಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಮನುಷ್ಯಕಂಠ, ಗಾಳಿವಾದ್ಯ ಮತ್ತು ತಂತಿವಾದ್ಯಗಳ ಎಡೆಬಿಡದ ನಾದ ರೋಗಿಗೆ ಹಿತವೆಂದೂ ಪಿಯಾನೋದಂತೆ ತುಂಡು ತುಂಡಾಗಿ ಬರುವ ನಾದ ಹಿತವಲ್ಲವೆಂದೂ ಅವರು ಗಮನಿಸಿದ್ದರು. ಆದರೆ ಸಂಗೀತ ದುಬಾರಿ, ಹಾಗಾಗಿ ಎಲ್ಲ ರೋಗಿಗಳಿಗೂ ಅದನ್ನು ಒದಗಿಸುವುದು ಆಗದ ಮಾತು ಎಂದೂ ಅವರೇ ಬರೆದರು. ಆ ಅಡ್ಡಿಯನ್ನು ತೆಗೆದದ್ದು ಗ್ರಾಮಫೋನು. 1914ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಶಸ್ತ್ರವೈದ್ಯ ಇವಾನ್ ಓನೀಲ್ ಕೇನ್ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಗೆ ಒಂದು ಕಿರುಬರಹ ಕಳಿಸಿ, ಥಿಯೇಟರಿನಲ್ಲಿ ಫೋನೋಗ್ರಾಫ್ ಹಾಕಿದರೆ ರೋಗಿಯ ಮನಸ್ಸು ಮುಂದೆ ಕಾದಿರುವ ಭಯದಿಂದ ಬೇರೆಡೆಗೆ ಹೊರಳುತ್ತದೆ ಎಂದು ತಿಳಿಸಿದರು. ಇದೇ ಕೇನ್ ಸ್ಥಳೀಯ ಅರಿವಳಿಕೆಯನ್ನು ಬಲವಾಗಿ ಪ್ರತಿಪಾದಿಸಿದವರು. 1921ರಲ್ಲಿ ಸ್ಥಳೀಯ ಅರಿವಳಿಕೆ ಕೊಟ್ಟುಕೊಂಡು ತಮ್ಮ ಅಪೆಂಡಿಕ್ಸನ್ನು ತಾವೇ ಕೊಯ್ದು ತೆಗೆದರು. ಎಚ್ಚರವಾಗಿದ್ದು ಕೊಯ್ಸಿಕೊಳ್ಳುವವರ ಅವಸ್ಥೆಯ ಬಗ್ಗೆ ಇಷ್ಟು ಆಸ್ಥೆಯಿದ್ದ ವೈದ್ಯನಿಗೆ ಸಂಗೀತದ ಅಗತ್ಯ ತೋಚಿದ್ದು ಆಕಸ್ಮಿಕವಲ್ಲ. ಅರಿವಳಿಕೆ ನೋವಿನ ಸಂಕೇತವನ್ನು ತಡೆದರೂ ಭಯವನ್ನು ತಡೆಯುವುದಿಲ್ಲ ಎಂಬುದು ಅವರ ಸಲಹೆಯ ತಿರುಳು.

ಮುಂದಿನ ಅಧ್ಯಾಯ ಉತ್ಸಾಹದ್ದು, ಬಳಿಕ ವಿವೇಕದ್ದು. 1960ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ದಂತವೈದ್ಯ ವ್ಯಾಲೇಸ್ ಗಾರ್ಡ್‌ನರ್ ಮತ್ತು ಧ್ವನಿಮನೋವಿಜ್ಞಾನಿ ಜೆ. ಸಿ. ಆರ್. ಲಿಕ್‌ಲೈಡರ್ ಶಬ್ದದಿಂದ ನೋವನ್ನು ಅಡಗಿಸುವ ವಿಧಾನವೊಂದನ್ನು ವರದಿ ಮಾಡಿದರು. ಹಲ್ಲಿನ ಚಿಕಿತ್ಸೆಗೆ ಬಂದವರು ಹೆಡ್‌ಫೋನಿನಲ್ಲಿ ಸಂಗೀತ ಕೇಳುತ್ತ, ನೋವು ಕಾಣಿಸಿದಾಗ ಜಲಪಾತದಂಥ ಮೊರೆತದ ಸದ್ದನ್ನು ತಾವೇ ಏರಿಸಿಕೊಳ್ಳಬಹುದಿತ್ತು. 1000 ರೋಗಿಗಳಲ್ಲಿ ಶೇ. 65ರಷ್ಟು ಮಂದಿಗೆ ಬೇರೆ ಅರಿವಳಿಕೆಯೇ ಬೇಕಾಗಲಿಲ್ಲ ಎಂಬ ಸುದ್ದಿ ದಂತವೈದ್ಯರ ನಡುವೆ ಸಂಚಲನ ಹುಟ್ಟಿಸಿತು. ಆದರೆ 1963ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಸಂಗಡಿಗರು ಇದನ್ನು ಪ್ರಯೋಗಾಲಯದಲ್ಲಿ ಬಿಡಿಸಿ ನೋಡಿದಾಗ ಬೇರೆಯ ಚಿತ್ರ ಕಂಡಿತು. ಜೋರು ಸದ್ದು ಒಂದೇ ಇದ್ದರೆ ಫಲವಿಲ್ಲ, ಇದರಿಂದ ನೋವು ಕಡಿಮೆಯಾಗುತ್ತದೆಂಬ ಮಾತೊಂದೇ ಇದ್ದರೂ ಫಲವಿಲ್ಲ. ಎರಡೂ ಕೂಡಿದಾಗ ಮಾತ್ರ ಜನ ನೋವನ್ನು ಹೆಚ್ಚು ಹೊತ್ತು ತಾಳಿಕೊಂಡರು. ಸದ್ದಿನಿಂದ ನೋವಡಗಿಸುವ ಯಂತ್ರಗಳು ಮೆಲ್ಲಗೆ ಮೂಲೆ ಸೇರಿದವು, ಅವುಗಳಿಂದ ಸಿಕ್ಕ ಪಾಠ ಉಳಿಯಿತು. ಶಬ್ದದಲ್ಲಿ ನೋವು ಕೊಲ್ಲುವ ಗುಣವೊಂದು ಅಡಗಿಲ್ಲ. ಕೇಳುವವನ ಗಮನ, ನಿರೀಕ್ಷೆ, ಮತ್ತು ಪರಿಸ್ಥಿತಿಯ ಹಿಡಿತ ತನ್ನ ಕೈಯಲ್ಲಿದೆಯೆಂಬ ಭಾವನೆ ಸೇರಿದಾಗ ಅದು ಕೆಲಸಕ್ಕೆ ಬರುತ್ತದೆ.

ಇದು ಹೇಗೆ ಸಾಧ್ಯವೆಂಬುದನ್ನು ನೋವಿನ ವಿಜ್ಞಾನವೇ ವಿವರಿಸುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಮಂಡಿಸಿದ ದ್ವಾರ ನಿಯಂತ್ರಣ ಸಿದ್ಧಾಂತದ ಪ್ರಕಾರ, ಗಾಯದಿಂದ ಹೊರಟ ಸಂಕೇತ ನೇರವಾಗಿ ಮಿದುಳಿಗೆ ಹೋಗಿ ನೋವೆನಿಸುವುದಿಲ್ಲ. ಬೆನ್ನುಹುರಿಯಲ್ಲಿ ಅದು ಹಾಯಬೇಕಾದ ದ್ವಾರವಿದೆ. ಮಿದುಳಿನಿಂದ ಕೆಳಗಿಳಿಯುವ ಸಂಕೇತಗಳು ಆ ದ್ವಾರವನ್ನು ತೆರೆಯಲೂ ಮುಚ್ಚಲೂ ಬಲ್ಲವು. ಸಿದ್ಧಾಂತದ ವಿವರಗಳು ಆಮೇಲೆ ತಿದ್ದುಪಡಿಗೊಂಡರೂ ಮನಸ್ಸಿನ ಸ್ಥಿತಿ ನೋವಿನ ಪ್ರಮಾಣವನ್ನು ಬದಲಿಸುತ್ತದೆಂಬ ಮೂಲ ವಿಚಾರ ಗಟ್ಟಿಯಾಗಿ ನಿಂತಿದೆ. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವೂ ನೋವನ್ನು ಇಂದ್ರಿಯ ಮತ್ತು ಭಾವ ಎರಡೂ ಬೆರೆತ ಅನುಭವವೆಂದೇ ವ್ಯಾಖ್ಯಾನಿಸುತ್ತದೆ. ಇದರ ಜೊತೆಗೆ ಶಸ್ತ್ರಚಿಕಿತ್ಸೆ ದೇಹದಲ್ಲಿ ತನ್ನದೇ ಆದ ಒತ್ತಡದ ಪ್ರತಿಕ್ರಿಯೆಯನ್ನು ಎಬ್ಬಿಸುತ್ತದೆ. ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಏರುತ್ತವೆ, ಎದೆಬಡಿತ ಜೋರಾಗುತ್ತದೆ, ರಕ್ತದ ಒತ್ತಡವೂ ರಕ್ತದ ಸಕ್ಕರೆಯೂ ಹೆಚ್ಚುತ್ತವೆ. ಭಯ ಇದೇ ಹಾದಿಯನ್ನು ಹಿಡಿಯುವುದರಿಂದ, ಹೆದರಿ ಮೇಜಿನ ಮೇಲೆ ಮಲಗಿದವನ ದೇಹ ಕತ್ತರಿ ತಾಗುವ ಮುಂಚೆಯೇ ಅರ್ಧ ದಾರಿ ನಡೆದಿರುತ್ತದೆ. ಇಷ್ಟದ ಸಂಗೀತ ಕೇಳುವಾಗ ಮಿದುಳಿನ ಸಂತೋಷದ ಕೇಂದ್ರಗಳಲ್ಲಿ ಡೋಪಮಿನ್ ಬಿಡುಗಡೆಯಾಗುವುದನ್ನು ಮಾಂಟ್ರಿಯಲ್‌ನ ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟರು. ಗಮನವನ್ನು ಸೆಳೆಯುವುದು, ಭಯವನ್ನು ಇಳಿಸುವುದು, ಹಿತವನ್ನು ಹುಟ್ಟಿಸುವುದು ಈ ಮೂರೂ ಕೂಡಿ ನೋವಿನ ದ್ವಾರವನ್ನು ಕಿರಿದಾಗಿಸುತ್ತವೆ ಎಂದು ತಿಳಿಯಬಹುದು.

ವಿವರಣೆ ಸೊಗಸಾಗಿದ್ದ ಮಾತ್ರಕ್ಕೆ ಉಪಚಾರ ಫಲಿಸುತ್ತದೆ ಎನ್ನುವಂತಿಲ್ಲ. ಅದಕ್ಕೆ ಪ್ರಯೋಗಗಳ ಸಾಕ್ಷ್ಯ ಬೇಕು, ಮತ್ತು ಅದು ಈಗ ಹೇರಳವಾಗಿದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2013ರ ಸಮೀಕ್ಷೆ 26 ಪ್ರಯೋಗಗಳ 2051 ರೋಗಿಗಳನ್ನು ಪರಿಶೀಲಿಸಿ, ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕವನ್ನು ಸಂಗೀತ ತಗ್ಗಿಸುತ್ತದೆಂದು ಕಂಡಿತು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬ್ರಿಟನ್ನಿನ ಜೆನ್ನಿ ಹೋಲ್ ಮತ್ತು ಸಂಗಡಿಗರು 73 ಪ್ರಯೋಗಗಳನ್ನು, ಅಂದರೆ ಸುಮಾರು 7000 ರೋಗಿಗಳ ಅನುಭವವನ್ನು ಒಟ್ಟುಗೂಡಿಸಿದರು. ಸಂಗೀತ ಕೇಳಿದವರಲ್ಲಿ ಶಸ್ತ್ರಚಿಕಿತ್ಸೆಯ ನಂತರದ ನೋವೂ ಆತಂಕವೂ ಕಡಿಮೆಯಿದ್ದವು, ನೋವುನಿವಾರಕಗಳ ಬಳಕೆ ಇಳಿದಿತ್ತು, ತೃಪ್ತಿ ಹೆಚ್ಚಿತ್ತು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. 2018ರಲ್ಲಿ ನೆದರ್ಲೆಂಡ್ಸ್‌ನ ರಾಟರ್ಡ್ಯಾಮಿನ ತಂಡ 92 ಪ್ರಯೋಗಗಳ 7385 ರೋಗಿಗಳನ್ನು ಅಧ್ಯಯನ ಮಾಡಿ ಅದೇ ದಿಕ್ಕಿನ ಫಲಿತಾಂಶ ಪಡೆಯಿತು: 100 ಮಿಲಿಮೀಟರಿನ ಅಳತೆಗೆರೆಯಲ್ಲಿ ಆತಂಕ ಸುಮಾರು 21 ಮಿಲಿಮೀಟರ್, ನೋವು ಸುಮಾರು 10 ಮಿಲಿಮೀಟರ್ ಇಳಿದಿತ್ತು. ಈ ಎರಡು ಅಂಕಿಗಳ ಅಂತರವನ್ನು ಗಮನಿಸಬೇಕು. ಸಂಗೀತದ ಬಲ ಮೊದಲು ಕಾಣುವುದು ಭಯದ ಮೇಲೆ, ಆಮೇಲೆ ನೋವಿನ ಮೇಲೆ. ನೋವಿನ ಭಾವದ ಪಾಲನ್ನು ಅದು ಇಳಿಸುತ್ತದೆಂಬ ವಿವರಣೆಗೆ ಇದು ತಕ್ಕ ಹೊಂದಿಕೆ.

ಎಚ್ಚರವಾಗಿದ್ದೇ ಶಸ್ತ್ರಚಿಕಿತ್ಸೆಗೆ ಒಳಗಾಗುವವರಲ್ಲಿ ಈ ಬಲ ಸ್ಪಷ್ಟವಾಗಿ ಕಾಣುತ್ತದೆ. ಪ್ಯಾರಿಸಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆಡ್‌ಫೋನಿನಲ್ಲಿ ಸಂಗೀತ ಕೇಳಿದವರ ಪೈಕಿ ಶೇ. 13.6ರಷ್ಟು ಮಂದಿಗೆ ರಕ್ತದೊತ್ತಡ ಅಪಾಯದ ಮಟ್ಟಕ್ಕೇರಿದರೆ, ಸಂಗೀತವಿಲ್ಲದೆ ಹೆಡ್‌ಫೋನ್ ಧರಿಸಿದವರಲ್ಲಿ ಅದು ಶೇ. 52.9 ಇತ್ತು. ಪೊರೆ ಚಿಕಿತ್ಸೆಗೆ ಬರುವವರಲ್ಲಿ ಹೆಚ್ಚಿನವರು ವಯಸ್ಸಾದವರು, ಹಲವರಿಗೆ ಮೊದಲೇ ರಕ್ತದೊತ್ತಡ ಇರುತ್ತದೆ. ಹೀಗಾಗಿ ಈ ವ್ಯತ್ಯಾಸ ಕೇವಲ ಮನಸ್ಸಿನ ಸಮಾಧಾನದ ಮಾತಲ್ಲ. ಆತಂಕ ಇಳಿಸಲು ಕೊಡುವ ಮಿಡಜೋಲಮ್ ಔಷಧದೊಡನೆಯೂ ಸಂಗೀತವನ್ನು ಹೋಲಿಸಿ ನೋಡಲಾಗಿದೆ. ಸ್ವೀಡನ್ನಿನಲ್ಲಿ 372 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಆತಂಕ ಸಂಗೀತದಿಂದಲೇ ಹೆಚ್ಚು ಇಳಿಯಿತು. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ತಂಡ 2019ರಲ್ಲಿ, ನರವನ್ನು ಮರಗಟ್ಟಿಸುವ ಚುಚ್ಚುಮದ್ದು ಪಡೆಯುವ 157 ಮಂದಿಯಲ್ಲಿ ಎರಡನ್ನೂ ಹೋಲಿಸಿದಾಗ ಆತಂಕದ ಇಳಿತ ಹೆಚ್ಚುಕಡಿಮೆ ಒಂದೇ ಎಂದು ಕಂಡಿತು. ಆದರೆ ಔಷಧ ಪಡೆದವರ ತೃಪ್ತಿ ಹೆಚ್ಚಿತ್ತು, ಹೆಡ್‌ಫೋನಿನಿಂದಾಗಿ ವೈದ್ಯರಿಗೂ ರೋಗಿಗೂ ಮಾತುಕತೆ ಕಷ್ಟವಾಗಿತ್ತು. ಫಲ ಇದೆ, ಮಿತಿಯೂ ಇದೆ ಎಂಬುದನ್ನು ಇಂಥ ಪ್ರಾಮಾಣಿಕ ವರದಿಗಳೇ ಹೇಳುತ್ತವೆ.

ಪೂರ್ಣ ಅರಿವಳಿಕೆಯಲ್ಲಿ ಮೈಮರೆತು ಮಲಗಿದವನಿಗೆ ಸಂಗೀತ ಕೇಳಿಸಿ ಏನು ಪ್ರಯೋಜನ ಎಂಬುದು ಸಹಜವಾದ ಪ್ರಶ್ನೆ. ಇದಕ್ಕೆ ಉತ್ತರ ಕಿವಿಯಿಂದ ಮಿದುಳಿಗೆ ಹೋಗುವ ದಾರಿಯಲ್ಲಿದೆ. ಅರಿವಳಿಕೆ ಅರಿವನ್ನು ಕಳೆಯುತ್ತದೆಯೇ ಹೊರತು ಶ್ರವಣದ ದಾರಿಯನ್ನು ಪೂರ್ತಿ ಮುಚ್ಚುವುದಿಲ್ಲ; ಮಿದುಳಿನ ಕಾಂಡದವರೆಗೆ ಶಬ್ದದ ಸಂಕೇತ ತಲುಪುತ್ತಲೇ ಇರುತ್ತದೆ. ಶ್ರವಣ ನರದ ಬಳಿಯ ಗಡ್ಡೆ ತೆಗೆಯುವಾಗ ಆ ನರ ಸುರಕ್ಷಿತವಾಗಿದೆಯೇ ಎಂದು ವೈದ್ಯರು ಪರೀಕ್ಷಿಸುವುದು ನಿದ್ರಿತ ರೋಗಿಯ ಕಿವಿಗೆ ಸದ್ದು ಕೊಟ್ಟು, ಮಿದುಳಿನ ಪ್ರತಿಕ್ರಿಯೆಯನ್ನು ಅಳೆದೇ. ಜರ್ಮನಿಯ ಐದು ಆಸ್ಪತ್ರೆಗಳಲ್ಲಿ 385 ರೋಗಿಗಳ ಮೇಲೆ ನಡೆದು 2020ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪೂರ್ಣ ಅರಿವಳಿಕೆಯಲ್ಲಿದ್ದವರಿಗೆ ಹಿನ್ನೆಲೆ ಸಂಗೀತದೊಂದಿಗೆ ಧೈರ್ಯದ ಮಾತುಗಳನ್ನು ಕೇಳಿಸಲಾಯಿತು, ಉಳಿದವರು ಧರಿಸಿದ ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಮೊದಲ ಗುಂಪಿನವರಿಗೆ ಆಮೇಲೆ ನೋವು ಕಡಿಮೆಯಿತ್ತು, ಅಫೀಮು ಮೂಲದ ಔಷಧಗಳೂ ಕಡಿಮೆ ಸಾಕಾದವು. ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ತಂಡವೂ ಲ್ಯಾಪರೋಸ್ಕೋಪಿ ಮೂಲಕ ಪಿತ್ತಕೋಶ ತೆಗೆಸಿಕೊಂಡ 56 ಮಂದಿಯಲ್ಲಿ ಮೃದುವಾದ ಸಂಗೀತ ಕೇಳಿಸಿಕೊಂಡವರಿಗೆ ಅರಿವಳಿಕೆಯ ಮದ್ದಾದ ಪ್ರೊಪೊಫಾಲ್ ಕಡಿಮೆ ಸಾಕಾಯಿತೆಂದು 2025ರಲ್ಲಿ ವರದಿ ಮಾಡಿತು. ಆದರೂ ಎಚ್ಚರದಲ್ಲಿ ಕೇಳುವವರಿಗಿಂತ ನಿದ್ರಿತರಲ್ಲಿ ಫಲ ಕಡಿಮೆ ಎಂಬುದನ್ನು ಲ್ಯಾನ್ಸೆಟ್ ಸಮೀಕ್ಷೆಯೇ ತಿಳಿಸಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಪ್ರಯೋಗಗಳ ವಿಧಾನದ ಬಗೆಗಿನದು. ಮಾತ್ರೆಯನ್ನು ಮರೆಮಾಚಿ ಕೊಡಬಹುದು, ಸಂಗೀತವನ್ನು ಹಾಗೆ ಕೊಡಲಾಗದು. ಎಚ್ಚರವಿರುವವನಿಗೆ ತಾನು ಕೇಳುತ್ತಿದ್ದೇನೆಂದು ಗೊತ್ತಿರುತ್ತದೆ, ಹಾಗಾಗಿ ನಂಬಿಕೆಯ ಫಲವನ್ನು ಸಂಗೀತದ ಫಲವೆಂದು ಎಣಿಸಿಬಿಡುವ ಅಪಾಯವಿದೆ. ಪ್ರಯೋಗಗಳು ಬಹುಪಾಲು ಚಿಕ್ಕವು, ಅವುಗಳ ಫಲಿತಾಂಶಗಳೂ ಏಕರೂಪವಾಗಿಲ್ಲ. ಸ್ವೀಡನ್ನಿನ ಉಲ್ರಿಕಾ ನಿಲ್ಸನ್ 2008ರಲ್ಲಿ 42 ಪ್ರಯೋಗಗಳನ್ನು ಪರಿಶೀಲಿಸಿದಾಗ ಆತಂಕ ಅಥವಾ ನೋವಿನ ಮೇಲೆ ಪರಿಣಾಮ ಕಂಡದ್ದು ಅರ್ಧದಷ್ಟರಲ್ಲಿ ಅಥವಾ ಅದಕ್ಕಿಂತ ತುಸು ಹೆಚ್ಚಿನವುಗಳಲ್ಲಿ ಮಾತ್ರ. 2006ರ ಕಾಕ್ರೇನ್ ಸಮೀಕ್ಷೆ ಹತ್ತರ ಅಳತೆಯಲ್ಲಿ ನೋವು ಅರ್ಧ ಅಂಶದಷ್ಟೇ ಇಳಿಯುತ್ತದೆಂದೂ ಮಾರ್ಫಿನ್‌ನಂಥ ಔಷಧದ ಬಳಕೆ ಮೊದಲ 24 ಗಂಟೆಗಳಲ್ಲಿ ಶೇ. 15ರಷ್ಟು ತಗ್ಗುತ್ತದೆಂದೂ ಲೆಕ್ಕ ಹಾಕಿ, ಇಷ್ಟು ಸಣ್ಣ ಲಾಭದ ಮಹತ್ವವೇನೆಂದು ಶಂಕಿಸಿತ್ತು. ಅಮೆರಿಕದಲ್ಲಿ ಸ್ತನ ಶಸ್ತ್ರಚಿಕಿತ್ಸೆಯ 207 ಮಹಿಳೆಯರ ಮೇಲೆ ನಡೆದ 2015ರ ಅಧ್ಯಯನದಲ್ಲಿ ಆತಂಕ ಚೆನ್ನಾಗಿ ಇಳಿದರೂ ಬೇಕಾದ ಪ್ರೊಪೊಫಾಲ್ ಪ್ರಮಾಣ ಬದಲಾಗಲಿಲ್ಲ. ಈ ಸಂಗತಿಗಳನ್ನು ಮುಚ್ಚಿಡಬೇಕಾಗಿಲ್ಲ. ನಿದ್ರಿತರಲ್ಲಿ ಮರೆಮಾಚುವುದು ಸಾಧ್ಯವಿದ್ದೂ ಜರ್ಮನಿಯಲ್ಲಿ ಫಲ ಕಂಡದ್ದು ಮೊದಲ ಸಂದೇಹಕ್ಕೆ ಭಾಗಶಃ ಉತ್ತರ. ಇನ್ನು ಲಾಭ ಸಣ್ಣದೆಂಬ ಮಾತನ್ನು ತೂಗಬೇಕಾದ್ದು ವೆಚ್ಚ ಮತ್ತು ಅಪಾಯಗಳ ಜೊತೆಗಿಟ್ಟು. ಮಿಡಜೋಲಮ್ ಉಸಿರಾಟವನ್ನು ಮಂದಗೊಳಿಸಬಹುದು, ಮುದುಕರಲ್ಲಿ ಗೊಂದಲ ತರಬಹುದು. ಮಾರ್ಫಿನ್ ವಾಂತಿ, ಮಲಬದ್ಧತೆ ತರಬಹುದು. ಸಂಗೀತದ ಪ್ರಯೋಗಗಳಲ್ಲಿ ಇಂಥ ಗಂಭೀರ ಅಡ್ಡಪರಿಣಾಮ ಕಂಡುಬಂದಿಲ್ಲ. ಹಾನಿಯಿಲ್ಲದೆ, ಬಹುತೇಕ ಪುಕ್ಕಟೆಯಾಗಿ ದೊರೆಯುವ ಸಣ್ಣ ಲಾಭವನ್ನು ರೋಗಿಗೆ ತಪ್ಪಿಸಲು ಕಾರಣವಿಲ್ಲ.

ಸಂಗೀತ ಮಾಡುವುದು ಥಿಯೇಟರಿನ ಗದ್ದಲ ಕಿವಿಗೆ ಬೀಳದಂತೆ ತಡೆಯುವುದಷ್ಟೇ ಎನ್ನುವವರಿದ್ದಾರೆ. ಕಿವಿಗೆ ಹತ್ತಿ ತುರುಕಿದರೂ ಸಾಕು ಎಂಬ ವಾದವೂ ಇದೆ. ಗದ್ದಲದ ಸಮಸ್ಯೆ ನಿಜ: ಲೋಹದ ಉಪಕರಣಗಳ ಸದ್ದು, ಮಾನಿಟರುಗಳ ಎಚ್ಚರಿಕೆಯ ಕೂಗು, ಮೂಳೆ ಕೊರೆಯುವ ಯಂತ್ರದ ಸದ್ದು ಎಚ್ಚರವಾಗಿರುವವನನ್ನು ನಡುಗಿಸಬಲ್ಲವು. ಈ ವಾದವನ್ನು ಪರೀಕ್ಷಿಸಲು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಪೈನಲ್ ಅರಿವಳಿಕೆಯಲ್ಲಿದ್ದ 90 ರೋಗಿಗಳನ್ನು ಮೂರು ಗುಂಪು ಮಾಡಿತು. ಒಂದು ಗುಂಪು ತಮ್ಮಿಷ್ಟದ ಸಂಗೀತ ಕೇಳಿತು, ಇನ್ನೊಂದು ಹೊರಗಿನ ಸದ್ದನ್ನು ಮರೆಸುವ ಒಂದೇ ಸಮನಾದ ಮೊರೆತ ಕೇಳಿತು, ಮೂರನೆಯದು ಥಿಯೇಟರಿನ ಸದ್ದಿಗೇ ತೆರೆದುಕೊಂಡಿತ್ತು. ಮಂಪರಿಗೆ ಬೇಕಾದ ಪ್ರೊಪೊಫಾಲನ್ನು ರೋಗಿಗಳೇ ಗುಂಡಿ ಒತ್ತಿ ಪಡೆಯಬಹುದಿತ್ತು. ಅತಿ ಕಡಿಮೆ ಪಡೆದವರು ಸಂಗೀತ ಕೇಳಿದವರು. ಸದ್ದನ್ನು ಮರೆಸುವುದಕ್ಕಿಂತ ಹೆಚ್ಚಿನದೇನೋ ಸಂಗೀತದಲ್ಲಿ ಇದೆ ಎಂದಾಯಿತು. ಇತ್ತ 2022ರಲ್ಲಿ ‘ಸೈನ್ಸ್’ ಪ್ರಕಟಿಸಿದ ಇಲಿಗಳ ಅಧ್ಯಯನದಲ್ಲಿ, ಸುತ್ತಲಿನ ಸದ್ದಿಗಿಂತ ಬರೀ 5 ಡೆಸಿಬೆಲ್ ಹೆಚ್ಚಿನ ಮೆಲುದನಿ, ಅದು ಇಂಪಾಗಿರಲಿ ಕರ್ಕಶವಾಗಿರಲಿ, ನೋವನ್ನು ತಗ್ಗಿಸಿತು. ಶ್ರವಣದ ಮಿದುಳ ಪ್ರದೇಶದಿಂದ ಮಿದುಳಿನ ಒಳಗಿನ ಥಲಾಮಸ್ ಎಂಬ ಭಾಗಕ್ಕೆ ಹೋಗುವ ನರಮಾರ್ಗ ಇದಕ್ಕೆ ಕಾರಣವೆಂದು ತಿಳಿಯಿತು. ಮೇಲ್ನೋಟಕ್ಕೆ ಈ ಎರಡು ಅಧ್ಯಯನಗಳು ಎದುರುಬದುರು, ಆದರೆ ಎರಡೂ ನಿಜವಿರಬಹುದು. ಮೆಲುದನಿ ತೆರೆಯುವ ಈ ಸರಳ ನರಮಾರ್ಗ ಮನುಷ್ಯನಲ್ಲೂ ಇರಬಹುದು. ಅದರ ಮೇಲೆ ನೆನಪು, ಅಭಿರುಚಿ, ಅರ್ಥಗಳ ಪದರ ಮನುಷ್ಯನಿಗೆ ಮಾತ್ರ ಸೇರಿಕೊಳ್ಳುತ್ತದೆ.

ಯಾವ ಸಂಗೀತ ಕೇಳಿಸಬೇಕೆಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಕೂಡಲೇ ರಾಗಚಿಕಿತ್ಸೆಯತ್ತ ಹೊರಳುತ್ತದೆ. ಇಂಥ ರಾಗ ಇಂಥ ಕಾಯಿಲೆಗೆ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಮುತ್ತುಸ್ವಾಮಿ ದೀಕ್ಷಿತರು ನವಗ್ರಹ ಕೃತಿಯೊಂದರಿಂದ ಶಿಷ್ಯನ ಹೊಟ್ಟೆನೋವು ಕಳೆದರೆಂಬ ಐತಿಹ್ಯ ಸಂಗೀತಗಾರರ ಬಾಯಲ್ಲಿ ಉಳಿದುಬಂದಿದೆ. ಶಸ್ತ್ರಚಿಕಿತ್ಸೆಯ ಪ್ರಯೋಗಗಳು ಕಾಯಿಲೆಗೊಂದು ರಾಗವೆಂಬ ಈ ನಂಟನ್ನು ಬೆಂಬಲಿಸುವುದಿಲ್ಲ. ಸಂಗೀತದ ಆಯ್ಕೆ ಯಾರದು, ಯಾವ ಹೊತ್ತಿನಲ್ಲಿ ಕೇಳಿಸಿದರು ಎಂಬುದರಿಂದ ಫಲದಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ ಎಂದು ಲ್ಯಾನ್ಸೆಟ್ ಸಮೀಕ್ಷೆ ಕಂಡಿತು. ಇದರಿಂದ ಹೊರಡುವ ತೀರ್ಮಾನ ಪರಂಪರೆಗೆ ಅವಮಾನವಲ್ಲ, ರೋಗಿಗೆ ಸ್ವಾತಂತ್ರ್ಯ. ನಿರ್ದಿಷ್ಟ ರಾಗವೇ ಆಗಬೇಕಿಲ್ಲವೆಂದಾದರೆ, ಒಬ್ಬರಿಗೆ ವೀಣೆ, ಇನ್ನೊಬ್ಬರಿಗೆ ದಾಸರ ಪದ, ಮತ್ತೊಬ್ಬರಿಗೆ ಹಳೆಯ ಚಿತ್ರಗೀತೆ ಅಥವಾ ಭಾವಗೀತೆ, ಮಗದೊಬ್ಬರಿಗೆ ಮೌನ ಸರಿಯಾದೀತು. ಇಷ್ಟದ ಸಂಗೀತ ಕೇಳುತ್ತಿದ್ದವರು ತಣ್ಣೀರಿನಲ್ಲಿ ಕೈಯಿಟ್ಟು ನೋವು ತಾಳುವ ಪರೀಕ್ಷೆಯಲ್ಲಿ ಹೆಚ್ಚು ಹಿಡಿತ ಅನುಭವಿಸಿದರೆಂದು ಸ್ಕಾಟ್ಲೆಂಡಿನ ಸಂಶೋಧಕರು 2006ರಲ್ಲಿ ತೋರಿಸಿದ್ದಾರೆ. 2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಬೆರಳು ಸೆಟೆಯುವ ತೊಂದರೆಯಿದ್ದ ವಾದಕರೊಬ್ಬರು ಮಿದುಳಿನ ಶಸ್ತ್ರಚಿಕಿತ್ಸೆಯ ನಡುವೆ ಗಿಟಾರ್ ನುಡಿಸಿದ ಸುದ್ದಿಯನ್ನು ಹಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅಲ್ಲಿ ವಾದನದ ಉದ್ದೇಶ ಉಪಶಮನವಾಗಿರಲಿಲ್ಲ. ಮಿದುಳಿನ ಸರಿಯಾದ ಜಾಗ ಸಿಕ್ಕಿತೇ ಎಂಬುದನ್ನು ವೈದ್ಯರು ಬೆರಳುಗಳ ಚಲನೆಯಿಂದ ಪರೀಕ್ಷಿಸುತ್ತಿದ್ದರು.

ರೋಗಿಗೆ ಕೇಳಿಸುವ ಸಂಗೀತವನ್ನೂ ಶಸ್ತ್ರವೈದ್ಯರು ತಮಗಾಗಿ ಹಾಕಿಕೊಳ್ಳುವ ಸಂಗೀತವನ್ನೂ ಒಂದೆಂದು ಭಾವಿಸಬಾರದು. 1994ರಲ್ಲಿ ಸಂಶೋಧಕರಾದ ಅಲೆನ್ ಮತ್ತು ಬ್ಲಾಸ್ಕೋವಿಚ್ 50 ಶಸ್ತ್ರವೈದ್ಯರನ್ನು ಪರೀಕ್ಷಿಸಿ, ತಾವೇ ಆರಿಸಿದ ಸಂಗೀತ ಕೇಳುವಾಗ ಅವರು ಲೆಕ್ಕದ ಕೆಲಸವನ್ನು ಹೆಚ್ಚು ಚುರುಕಾಗಿ, ಹೆಚ್ಚು ನಿಖರವಾಗಿ ಮಾಡಿದರೆಂದು ವರದಿ ಮಾಡಿದರು. ಆದರೆ ಅದು ಪ್ರಯೋಗಾಲಯದ ಕೊಠಡಿ, ಒಬ್ಬೊಬ್ಬರ ಕೆಲಸ. ಬ್ರಿಟನ್ನಿನಲ್ಲಿ 20 ಶಸ್ತ್ರಚಿಕಿತ್ಸೆಗಳ ವಿಡಿಯೋ ಚಿತ್ರೀಕರಣವನ್ನು ವಿಶ್ಲೇಷಿಸಿದ 2015ರ ಅಧ್ಯಯನ, ಸಂಗೀತ ನಡೆಯುತ್ತಿದ್ದಾಗ ಉಪಕರಣ ಕೇಳಿದ ಮಾತನ್ನು ಮತ್ತೆ ಹೇಳಬೇಕಾದ ಸಂದರ್ಭಗಳು ಹೆಚ್ಚಾಗಿದ್ದವೆಂದೂ ದಾದಿಯರು ಕಷ್ಟಪಡುತ್ತಿದ್ದರೆಂದೂ ಕಂಡಿತು. ಸಣ್ಣ ಮಾತೊಂದು ಕೇಳದೆ ಹೋದರೆ ಜೀವಕ್ಕೆ ಕುತ್ತು ಬರಬಹುದಾದ ಜಾಗದಲ್ಲಿ ಇದು ಹಗುರವಾದ ಸಂಗತಿಯಲ್ಲ. ಹಾಗಾಗಿ ಸುರಕ್ಷತೆಯ ಹೆಸರಿನಲ್ಲಿ ಥಿಯೇಟರಿನ ಸಂಗೀತಕ್ಕೆ ಬರುವ ಆಕ್ಷೇಪ ನ್ಯಾಯವಾದದ್ದೇ, ಆದರೆ ಅದು ಸಲ್ಲುವುದು ಸ್ಪೀಕರಿಗೆ. ರೋಗಿಯ ಕಿವಿಯಲ್ಲಿ ಮೆಲ್ಲಗೆ ನುಡಿಯುವ ಹೆಡ್‌ಫೋನ್ ತಂಡದ ಮಾತಿಗೆ ಅಡ್ಡಬರುವುದಿಲ್ಲ. ವೈದ್ಯರು ರೋಗಿಯೊಡನೆ ಮಾತಾಡಬೇಕಾದಾಗ ಅದನ್ನು ನಿಲ್ಲಿಸುವ ಏರ್ಪಾಡಿದ್ದರೆ ಸಾಕು.

ಆಚರಣೆಗೆ ಬೇಕಾದ ನಿಯಮಗಳು ಕೆಲವೇ. ನಿಲ್ಸನ್ ಅವರ ಸಮೀಕ್ಷೆ ನಿಮಿಷಕ್ಕೆ 60ರಿಂದ 80 ಬಡಿತದ ಗತಿಯ ನಿಧಾನ ಸಂಗೀತವನ್ನು, 60 ಡೆಸಿಬೆಲ್ ಮೀರದ ದನಿಯಲ್ಲಿ, ಕನಿಷ್ಠ 30 ನಿಮಿಷ ಕೇಳಿಸಲು ಸೂಚಿಸಿತು. ಆಯ್ಕೆಯನ್ನು ರೋಗಿಯೇ ಮಾಡಬೇಕು, ಬೇಡವೆಂದರೆ ಒತ್ತಾಯಿಸಬಾರದು, ಹೆಡ್‌ಫೋನನ್ನು ಪ್ರತಿ ಬಾರಿ ಶುಚಿಗೊಳಿಸಬೇಕು, ಕಿವಿ ಮಂದವಾದವರನ್ನು ಮೊದಲೇ ಗುರುತಿಸಬೇಕು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಯಲ್ಲಿ ಬೆನ್ನಿಗೆ ಇಂಜೆಕ್ಷನ್ ಪಡೆದು ಸಿಸೇರಿಯನ್‌ಗೆ ಮಲಗುವ ತಾಯಿ, ಕಣ್ಣಿನ ಶಿಬಿರದಿಂದ ಪೊರೆ ತೆಗೆಸಲು ಬಂದ ಅಜ್ಜ, ಇಬ್ಬರೂ ಪೂರ್ತಿ ಎಚ್ಚರವಾಗಿಯೇ ಇರುತ್ತಾರೆ; ಸಂಗೀತದ ಫಲ ಹೆಚ್ಚಾಗಿ ಸಿಗುವುದು ಇಂಥವರಿಗೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಧ್ಯಯನ ಮಾಡುವ ಪ್ರಯೋಗಾಲಯವಿದೆ. ಕನ್ನಡದ ಕೇಳುಗರು, ಕನ್ನಡದ ಹಾಡುಗಳು, ನಮ್ಮ ಜಿಲ್ಲಾ ಆಸ್ಪತ್ರೆಗಳ ಪರಿಸ್ಥಿತಿ ಇವುಗಳನ್ನು ಒಳಗೊಂಡ ಪ್ರಯೋಗಗಳಿಗೆ ಇಲ್ಲಿ ನೆಲೆ ಇದೆ.

ಆಸ್ಪತ್ರೆಯ ಬಡತನವನ್ನು ಸಂಗೀತದಿಂದ ಮುಚ್ಚುವಂತಾಗಬಾರದು ಎಂಬ ಕೊನೆಯ ಎಚ್ಚರಿಕೆಯೂ ಅಗತ್ಯ. ಅರಿವಳಿಕೆ ತಜ್ಞರಿಲ್ಲದ ಕಡೆ, ನೋವುನಿವಾರಕ ಸಾಲದ ಕಡೆ ಹಾಡು ಹಾಕಿ ಕೈತೊಳೆದುಕೊಳ್ಳುವುದು ಕ್ರೌರ್ಯ. ನೋವಿನ ಸಂಕೇತವನ್ನು ತಡೆಯುವುದು ಔಷಧದ ಕೆಲಸ, ಅದಕ್ಕೆ ರೋಗಿ ಹಕ್ಕುದಾರ. ಭಯವನ್ನು ಹಂಚಿಕೊಳ್ಳುವುದು, ಮಲಗಿದವನನ್ನು ಇಷ್ಟಾನಿಷ್ಟಗಳಿರುವ ಮನುಷ್ಯನೆಂದು ಕಾಣುವುದು ಶುಶ್ರೂಷೆಯ ಕೆಲಸ, ಅದಕ್ಕೂ ಆತ ಅಷ್ಟೇ ಹಕ್ಕುದಾರ. ನೈಟಿಂಗೇಲರ ಕಾಲದಲ್ಲಿ ಅಡ್ಡಬಂದ ಖರ್ಚು ಈಗ ಫೋನೊಂದು, ಹೆಡ್‌ಫೋನೊಂದು ಎಂಬಷ್ಟಕ್ಕೆ ಇಳಿದಿದೆ. ಉಪವಾಸವಿದ್ದಿರಾ, ಯಾವುದಾದರೂ ಔಷಧ ಒಗ್ಗುವುದಿಲ್ಲವೇ ಎಂದು ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳುವ ಪ್ರಶ್ನೆಗಳ ಪಟ್ಟಿಗೆ ಏನು ಕೇಳಲು ಇಷ್ಟವೆಂಬ ಪ್ರಶ್ನೆಯನ್ನು ಸೇರಿಸಲು ಇರುವಷ್ಟು ಸಾಕ್ಷ್ಯ ಸಾಕು.